ಹುಣಸೆ ಬೀಜದ ಹುಲ್ಲುಗಾವಲು

ಸೀತನಿ ಸುಡುವ ಬೆಂಕಿಯ ಸುತ್ತ ಕೂತರೆ ಮಾತು ತಾನಾಗಿಯೇ ಬರುತ್ತದೆ. ಈ ಸಲದ ಚಳಿಗಾಲದಲ್ಲಿ ಯಲಬುರ್ಗಾ ಕಡೆಯ ನಮ್ಮ ಬೀಗರ ಎರಿ ಹೊಲಕ್ಕೆ ಹೋಗಿದ್ದೆವು. ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಹೂತು, ಬಿಸಿ ಆರುವ ಮೊದಲೇ ಬಡಿದು ಕಂಬಳಿಯ ಮೇಲೆ ಉದುರಿಸಿದ ಹಸಿರು ಕಾಳು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ದೊಡ್ಡವರು ಮಳೆ-ಬೆಳೆಯ ಮಾತಾಡುತ್ತಿದ್ದರು. ಹುಡುಗರು ಬೆಂಕಿಯ ಬೆಳಕಿನಲ್ಲಿ ನೆಲಕ್ಕೆ ಗೆರೆ ಎಳೆದು ಹುಲಿ-ಕುರಿ ಆಟಕ್ಕೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಎದ್ದು ಕುಣಿದ: "ಎಲ್ಲಾ ಕುರಿ ತಿಂದು ಮುಗಿಸೀನಿ! ನಾನ ಗೆದ್ದೆ!"

"ಎಲ್ಲಾ ತಿಂದು ಮುಗಿಸಿದ ಮ್ಯಾಲ ನಾಳೆ ಏನ ತಿಂತೈತಪಾ ನಿನ್ನ ಹುಲಿ?" ಅಂದೆ.

ಹುಡುಗ ಕುಣಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಆ ಪ್ರಶ್ನೆ ನನ್ನದಲ್ಲ. ಕನಕಗಿರಿ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯ ವರಾಂಡದಲ್ಲಿ, ಕುರಿಗಾರರ ಮನೆಯ ಒಬ್ಬ ಹುಡುಗನ ಬಾಯಿಂದ ಅದನ್ನು ಮೊದಲು ಕೇಳಿದ್ದೆ. ಅವತ್ತಿನ ಕಥೆಯನ್ನು ಕೆಂಡ ಬೂದಿಯಾಗುವ ತನಕ ಆ ಮಕ್ಕಳಿಗೆ ಹೇಳಿದೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಅದು 2022ರ ಮಾತು. ಕೊರೊನಾದಿಂದ ಎರಡು ವರ್ಷ ಶಾಲೆ ಸರಿಯಾಗಿ ನಡೆದಿರಲಿಲ್ಲ. ಸರ್ಕಾರ ಆ ಶೈಕ್ಷಣಿಕ ವರ್ಷಕ್ಕೆ 'ಕಲಿಕಾ ಚೇತರಿಕೆ' ಎಂದೇ ಹೆಸರಿಟ್ಟಿತ್ತು. ನನ್ನ ಹತ್ತನೇ ತರಗತಿಯ ಮಕ್ಕಳು ಎಂಟನೆಯದನ್ನು ಬಹುಪಾಲು ಮೊಬೈಲಿನಲ್ಲಿ ಕಲಿತವರು. ಮನೆಯಲ್ಲಿ ಮೊಬೈಲ್ ಇಲ್ಲದವರು ಕುರಿಯ ಹಿಂದೆ, ಹತ್ತಿ ಬಿಡಿಸಲು, ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದವರು. ಮತ್ತೆ ಬೆಂಚಿನ ಮೇಲೆ ಕೂತಾಗ ಅವರು ದೊಡ್ಡವರಾಗಿದ್ದರು, ಮಾತು ಕಡಿಮೆಯಾಗಿತ್ತು.

'ನಮ್ಮ ಪರಿಸರ' ಪಾಠ ಮುಗಿಸಿದ್ದೆ. ಉತ್ಪಾದಕರು, ಭಕ್ಷಕರು, ವಿಘಟಕರು ಎಲ್ಲವನ್ನೂ ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಒಂದು ದಿನ ಕೇಳಿದೆ: "ನಮ್ಮ ಗುಡ್ಡದಾಗಿನ ತೋಳ ಎಲ್ಲಾ ಹೋದ್ರ ಏನಾಗ್ತೈತಿ?" ತರಗತಿಯ ಜಾಣ ಹುಡುಗಿ ಎದ್ದು ನಿಂತಳು. "ಛಲೋ ಆಗ್ತೈತ್ರಿ ಸರ್, ಕುರಿ ಉಳೀತಾವು." ಆಹಾರ ಸರಪಳಿಯ ಚಿತ್ರಕ್ಕೆ ಹತ್ತಕ್ಕೆ ಹತ್ತು ಅಂಕ ತೆಗೆದವಳು ಅವಳು. ಪುಸ್ತಕದ ಸರಪಳಿಗೂ ಕಿಟಕಿಯಾಚೆ ಕಾಣುವ ಗುಡ್ಡಕ್ಕೂ ಅವಳ ಮನಸ್ಸಿನಲ್ಲಿ ಸಂಬಂಧವೇ ಬೆಳೆದಿರಲಿಲ್ಲ. ಅದು ಅವಳ ತಪ್ಪಲ್ಲ, ನನ್ನ ಪಾಠದ ಕೊರತೆ.

ಅದೇ ವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ವರಾಂಡದಲ್ಲಿ ಗದ್ದಲ ಕೇಳಿಸಿತು. ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದುಕೊಂಡು ನಾಲ್ವರು ಆಡುತ್ತಿದ್ದರು. ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೇ ಇಲ್ಲವೇ ಎಂಬುದು ತಕರಾರು. ತರಗತಿಯಲ್ಲಿ ಬಾಯಿಯೇ ಬಿಡದ ಇಬ್ಬರು ಅಲ್ಲಿ ವಕೀಲರಂತೆ ವಾದ ಮಾಡುತ್ತಿದ್ದರು. "ಹಂಗಾದ್ರ ಅದು ಆಟ ಅಲ್ಲ" ಎಂದ ಒಬ್ಬ. ಯಾವ ನಿಯಮ ಇದ್ದರೆ ಆಟ ನಿಲ್ಲುತ್ತದೆ, ಯಾವುದನ್ನು ತೆಗೆದರೆ ಕೆಡುತ್ತದೆ ಎಂಬುದು ಈ ಮಕ್ಕಳಿಗೆ ಗೊತ್ತು. ಜೀವಶಾಸ್ತ್ರವೂ ಅಂಥದೇ ನಿಯಮಗಳ ಲೋಕ ತಾನೇ ಅನ್ನಿಸಿತು.

ಮೊದಲು ನಾನೇ ಒಂದು ಆಟ ಮಾಡಿ ಕೊಟ್ಟೆ. ಮನೆಮನೆಯಲ್ಲೂ ಒಂದು ಪ್ರಶ್ನೆ: ಜೀವಕೋಶದ ಶಕ್ತಿಕೇಂದ್ರ ಯಾವುದು, ಹೃದಯಕ್ಕೆ ಎಷ್ಟು ಕೋಣೆ. ಉತ್ತರ ಗೊತ್ತಿದ್ದರೆ ಮುಂದೆ, ಇಲ್ಲದಿದ್ದರೆ ಹಿಂದೆ. ಮಕ್ಕಳು ಒಂದು ದಿನ ಆಡಿ ಮೂಲೆಗಿಟ್ಟರು. ಅದರೊಳಗೆ ಪರೀಕ್ಷೆ ಕೂತಿರುವುದು ಅವರಿಗೆ ಕಂಡಿತ್ತು. ಮರುದಿನ ಬೇರೆ ಮಾತು ಹೇಳಿದೆ: "ಇನ್ನು ಆಟ ನೀವ ಮಾಡ್ರಿ. ಪ್ರಶ್ನೆ-ಉತ್ತರ ಇರಬಾರದು. ಪಾಠದಾಗ ಇರೋ ಸಂಗತಿನ ಆಟದ ನಿಯಮ ಆಗಬೇಕು."

ಎಂಟೆಂಟು ಮಕ್ಕಳ ಐದು ಗುಂಪುಗಳಾದವು. ಎರಡು ವಾರ ಸಮಯ. ಒಂದು ರೂಪಾಯಿಯೂ ಖರ್ಚು ಮಾಡಕೂಡದು. ಹಳೆಯ ಕ್ಯಾಲೆಂಡರಿನ ಬೆನ್ನು, ಮದುವೆ ಕಾರ್ಡು, ಔಷಧ ಅಂಗಡಿಯ ರಟ್ಟು, ಅಜ್ಜಿಯ ಪೆಟ್ಟಿಗೆಯ ಕವಡೆ, ಬಳೆಚೂರು ಬಂದವು. ಕವಡೆ ಸಿಗದವರು ಹುಣಸೆ ಬೀಜ ತಂದರು. ಒಬ್ಬಳು ಮೆಟ್ಟಿಲ ಮೇಲೆ ಕೂತು ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಗಸಗಸ ತಿಕ್ಕುತ್ತಿದ್ದಳು. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವವರೆಗೆ ತಿಕ್ಕಿ, ಊದಿ, ಬೆರಳಿನಿಂದ ಸವರಿ ನೋಡುತ್ತಿದ್ದಳು. ಅಂಥ ನಾಲ್ಕು ಬೀಜ ಸಿದ್ಧವಾದರೆ ಕವಡೆಯ ಕೆಲಸ ಆಯಿತು: ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು.

ಮಕ್ಕಳಿಂದ ಇದಾಗುತ್ತದೆಯೇ ಎಂದು ಕೆಲವರು ಕೇಳಿದರು. ನನಗೆ ಅನುಮಾನ ಇರಲಿಲ್ಲ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅನ್ನುವ ಮಾತಿದೆಯಲ್ಲ, ಆ ಹಂಪಿಗೆ ಪ್ರವಾಸ ಹೋದಾಗ ಈ ಮಕ್ಕಳು ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಗೆರೆಗಳನ್ನು ಮುಟ್ಟಿ ನೋಡಿದ್ದರು. ದೊಡ್ಡ ಶಿಲ್ಪಗಳ ಮುಂದೆ ನಿಲ್ಲದವರು ಅಲ್ಲಿ ಬಗ್ಗಿ ಕೂತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ತಾವೇ ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ 'ಕೌತುಕನಿಧಿ' ಇಂಥ ಆಟಗಳಿಗೇ ಮೀಸಲು. ಅರಸರೂ ಕಲ್ಲುಕುಟಿಗರೂ ಆಟ ಕಟ್ಟಿದ ನಾಡಿನಲ್ಲಿ ನನ್ನ ಮಕ್ಕಳು ಕಟ್ಟಲಾರರೇ?

ಐದರಲ್ಲಿ ಎರಡು ಗುಂಪಿನ ಆಟ ಅಷ್ಟಕ್ಕಷ್ಟೇ ಆಯಿತು. ಮೂರನೆಯವರು ಹಾವು-ಏಣಿಯನ್ನು ಸೊಳ್ಳೆಯ ಆಟ ಮಾಡಿದರು. ಪರಮಪದ ಸೋಪಾನದ ಪಟದಲ್ಲಿ ಪಾಪಕ್ಕೆ ಹಾವು, ಪುಣ್ಯಕ್ಕೆ ಏಣಿ. ಇವರ ಪಟದಲ್ಲಿ ದನ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ವಾರಗಟ್ಟಲೆ ನಿಂತ ನೀರಿಗೆ ಹಾವು, ನೀರು ಚೆಲ್ಲಿ ಬಾನಿ ತಿಕ್ಕಿದ ದಿನಕ್ಕೆ ಏಣಿ. ಮೊಟ್ಟೆಯಿಂದ ಸೊಳ್ಳೆ ಹಾರುವವರೆಗೆ ಸುಮಾರು ಎಂಟು-ಹತ್ತು ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಆಶಾ ಕಾರ್ಯಕರ್ತೆ ಯಾಕೆ ಹೇಳುತ್ತಾಳೆಂಬುದು ಆ ಲೆಕ್ಕದಲ್ಲಿ ಅವರಿಗೆ ಹೊಳೆಯಿತು. ಮಲೇರಿಯಾದ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡದ್ದು ನಮಗೆ ದೂರವಲ್ಲದ ಸಿಕಂದರಾಬಾದಿನಲ್ಲಿ ಎಂದಾಗ ಆ ಗುಂಪಿಗೆ ಹೆಮ್ಮೆಯೋ ಹೆಮ್ಮೆ.

ನಾಲ್ಕನೆಯದು ಹುಡುಗಿಯರ ಗುಂಪು. ಅವರು ಚೌಕಾಬಾರವನ್ನೇ ರಕ್ತ ಪರಿಚಲನೆ ಮಾಡಿದರು. ಐದೈದು ಮನೆಯ ಚೌಕದ ನಟ್ಟನಡುವಿನ ಮನೆ ಹೃದಯ. ಅದರ ಸುತ್ತಲಿನ ಎಂಟು ಮನೆ ಶ್ವಾಸಕೋಶದ ಸುತ್ತು, ಹೊರಗಿನ ಹದಿನಾರು ದೇಹದ ಸುತ್ತು. ಆಕ್ಸಿಜನ್ ತುಂಬಿದ ರಕ್ತಕ್ಕೆ ಕೆಂಪು ಬಳೆಚೂರು, ಇಲ್ಲದ್ದಕ್ಕೆ ನೀಲಿ. ನೀಲಿ ಗುರುತಿಗಷ್ಟೇ, ನಿಜದ ರಕ್ತ ಗಾಢ ಕೆಂಪು ಎಂದು ಅವರೇ ಪಟದ ಕೆಳಗೆ ಬರೆದಿದ್ದರು.

ಮೊದಲ ದಿನ ಕಾಯಿ ಹೃದಯದಿಂದ ಹೊರಟು ದೇಹದ ಹದಿನಾರು ಮನೆ ಸುತ್ತಿ, ನೀಲಿಯಾಗಿ, ಅಲ್ಲಿಂದ ನೇರ ಶ್ವಾಸಕೋಶದ ಸುತ್ತಿಗೆ ಇಳಿಯುತ್ತಿತ್ತು. ಚೌಕಾಬಾರದಲ್ಲಿ ಹೊರಗಿನಿಂದ ಒಳಕ್ಕೆ ಬರುವುದೇ ರೂಢಿ, ಅದೇ ದಾರಿ. ಆಟ ಚೆನ್ನಾಗಿಯೇ ಓಡುತ್ತಿತ್ತು. ನಾನು ಬಾಯಿ ಬಿಡಬೇಕೆನ್ನುವಷ್ಟರಲ್ಲಿ ಅವರೊಳಗೇ ಒಬ್ಬಳು ಕೇಳಿದಳು:

"ಅಷ್ಟು ದೂರ ಸುತ್ತಿ ಸೋತು ಬಂದ ರಕ್ತಾನ ಶ್ವಾಸಕೋಶಕ್ಕ ದಬ್ಬೋರು ಯಾರ?"

ಅವಳ ಮನೆಯಲ್ಲಿ ಬೋರ್‌ವೆಲ್ ಇದೆ. ಕೊನೆಯ ಸಾಲಿಗೆ ನೀರು ಹೋಗುವ ಹೊತ್ತಿಗೆ ಒತ್ತಡ ಬೀಳುವುದನ್ನು ದಿನಾ ನೋಡಿದವಳು. ಪುಸ್ತಕದಲ್ಲಿ 'ಇಮ್ಮಡಿ ಪರಿಚಲನೆ' ಎಂಬ ಎರಡು ಶಬ್ದಗಳಿದ್ದವು. ರಕ್ತ ಒಂದು ಸುತ್ತಿಗೆ ಎರಡು ಸಲ ಯಾಕೆ ಹೃದಯಕ್ಕೆ ಬರಬೇಕು ಎಂಬುದಕ್ಕೆ ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು: ಮತ್ತೊಮ್ಮೆ ದಬ್ಬಿಸಿಕೊಳ್ಳಲು. ಅವರು ದಾರಿ ಅಳಿಸಿ ಹೊಸದಾಗಿ ಬರೆದರು. ಹೃದಯದಿಂದ ಶ್ವಾಸಕೋಶ, ಮತ್ತೆ ಹೃದಯ, ಆಮೇಲೆ ದೇಹ, ಮತ್ತೆ ಹೃದಯ. ಹೃದಯದ ಮನೆಗೆ ಬಂದ ಕಾಯಿಗೆ ಇನ್ನೊಂದು ಸಲ ಬೀಜ ಹಾಕುವ ಹಕ್ಕು ಕೊಟ್ಟರು. ಅದೇ ಹೃದಯದ ಬಡಿತ. ಹೃದಯ ರಕ್ತವನ್ನು ದಬ್ಬುವ ಪಂಪು, ರಕ್ತ ಸುತ್ತಿ ಮರಳುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ಬರೆದದ್ದನ್ನು ಅವರಿಗೆ ಹೇಳಿದೆ. ಒಂದೇ ಸುತ್ತಿನ ದಾರಿ ಪೂರ್ತಿ ಸುಳ್ಳಲ್ಲ ಎಂದೂ ಹೇಳಿದೆ. ಮೀನಿನಲ್ಲಿ ರಕ್ತ ಹೃದಯದಿಂದ ಕಿವಿರಿಗೆ, ಅಲ್ಲಿಂದ ನೇರ ದೇಹಕ್ಕೆ ಹೋಗುತ್ತದೆ. ಅದರ ಹೃದಯಕ್ಕೆ ಎರಡೇ ಕೋಣೆ. ಮರುದಿನ ಪಟದ ಮೂಲೆಯಲ್ಲಿ ಒಂದು ಚಿಕ್ಕ ಮೀನು ಬಂದು ಕೂತಿತ್ತು.

ಈಗ ಐದನೆಯ ಗುಂಪಿನ, ತೋಳದ ಗುಂಪಿನ ಮಾತು. ಅವರು ಹುಲಿ-ಕುರಿ ಆಟ ಹಿಡಿದರು. ಮೂರು ಹುಲಿ, ಹದಿನೈದು ಕುರಿ. ಹಾರಿದರೆ ಕುರಿ ಹೋಯಿತು, ಸುತ್ತುಗಟ್ಟಿದರೆ ಹುಲಿ ಕಟ್ಟಿಬಿತ್ತು. ಆ ಗುಂಪಿನ ಕುರಿಗಾರರ ಹುಡುಗ ಮೊದಲ ದಿನವೇ ಹುಲಿ ಬೇಡವೆಂದ. "ನಮ್ಮ ಕಡೆ ಹುಲಿ ಎಲ್ಲೈತ್ರಿ ಸರ್? ಇರೋದು ತ್ವಾಳ." ಕುರಿಗೆ ಕೆಂಪು ಬಳೆಚೂರೇ ಆಗಬೇಕೆಂದ, ಯಾಕೆಂದರೆ ನಮ್ಮ ಸೀಮೆಯದು ಕೆಂಗುರಿ. ತಾಯಿಯ ತವರು ಕಿನ್ನಾಳವಾಗಿದ್ದ ಒಬ್ಬ ಹುಡುಗಿ ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಹೆಬ್ಬೆರಳ ಗಾತ್ರದ ಮೂರು ತೋಳ ಮಾಡಿ ತಂದಳು. ಕಿವಿ ನಿಮಿರಿಸಿ, ಬಾಲ ಇಳಿಬಿಟ್ಟ ತೋಳಗಳು.

ಆಡಲು ಕೂತಾಗ ಆ ಹುಡುಗ ಕೇಳಿದ: "ಹಳೇ ಆಟದಾಗ ಹುಲಿಗೆ ಹಸಿವ ಇಲ್ರಿ ಸರ್. ಒಂದೂ ಕುರಿ ತಿನ್ನದಿದ್ರೂ ಹಂಗ ಕುಂತಿರ್ತೈತಿ. ಖರೇ ತ್ವಾಳ ಹೆಂಗ ಬದುಕ್ತೈತ್ರಿ?" ಹೀಗಾಗಿ ಹಸಿವಿನ ನಿಯಮ ಬಂತು: ಐದು ಸರದಿ ಉಪವಾಸ ಬಿದ್ದ ತೋಳ ಸತ್ತಂತೆ. ಹಿಂದೆಯೇ ಇನ್ನೊಂದು: ಎರಡು ಕುರಿ ತಿಂದ ತೋಳಕ್ಕೆ ಒಂದು ಮರಿ.

ಆಟ ಶುರುವಾಯಿತು. ತೋಳಗಳು ಹಾರಿದವು, ತಿಂದವು, ಮರಿ ಹಾಕಿದವು. ತೋಳದ ಕಡೆಯವರ ಕೇಕೆ ಹೆಡ್ ಮಾಸ್ತರರ ಕೋಣೆಗೂ ಕೇಳಿಸಿತು. ಕೊನೆಯ ಕೆಂಪು ಚೂರು ಎತ್ತಿದಾಗ ಪಟದ ಮೇಲೆ ಬರೀ ತೋಳಗಳಿದ್ದವು. "ಗೆದ್ದಿವಿ!" ಎಂದರು. ಆಗ ಆ ಹುಡುಗ ಕೇಳಿದ್ದು: "ನಾಳೆ ಏನ ತಿಂತಾವು?"

ಐದು ಸರದಿ ಬಾಕಿ ಇತ್ತು. ಆಡಿ ಮುಗಿಸಿ ಅಂದೆ. ತೋಳಗಳು ಖಾಲಿ ಗೆರೆಗಳ ಮೇಲೆ ಅತ್ತಿಂದಿತ್ತ ನಡೆದವು. ಒಂದು, ಎರಡು, ಮೂರು. ಯಾರೂ ಮಾತಾಡುತ್ತಿರಲಿಲ್ಲ. ಐದನೆಯದಕ್ಕೆ ಹುಡುಗಿ ತಾನೇ ಮಾಡಿದ ತೋಳಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಪಟದ ಮೇಲೆ ಗೆರೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಯಾರ ಗೆದ್ರು?" ಎಂದು ಕೇಳಿದೆ.

"ಯಾರೂ ಇಲ್ರಿ," ಎಂದಳು ಗುಂಪಿನ ಇನ್ನೊಬ್ಬಳು. ಅವಳೇ, ತೋಳ ಹೋದರೆ ಛಲೋ ಎಂದಿದ್ದ ಜಾಣ ಹುಡುಗಿ.

ಮರುದಿನ ಅವಳು ಪಟ್ಟು ಹಿಡಿದು ತೋಳವನ್ನೇ ತೆಗೆಸಿದಳು. ಪಕ್ಕಪಕ್ಕದ ಮನೆಯಲ್ಲಿ ಎರಡು ಕುರಿ ಇದ್ದರೆ ಒಂದು ಮರಿ ಎಂಬ ನಿಯಮ ತಂದಳು. ಪಟದ ತುಂಬ ಕೆಂಪು ಚೂರು. "ಇಷ್ಟು ಕುರಿ ಏನ ಮೇಯ್ತಾವ?" ಎಂದು ಮತ್ತೆ ಆ ಹುಡುಗ. ಹುಲ್ಲು ಬೇಕಾಯಿತು. ಪ್ರತಿ ಮನೆಗೂ ಒಂದು ಹುಣಸೆ ಬೀಜ ಇಟ್ಟರು. ಕುರಿ ಕಾಲಿಟ್ಟ ಮನೆಯ ಬೀಜ ಹೋಯಿತು. ಮೂರು ಸುತ್ತು ಆ ಮನೆಯನ್ನು ತುಳಿಯದೆ ಬಿಟ್ಟರೆ ಮತ್ತೆ ಬೀಜ ಚಿಗುರುತ್ತದೆ. ಎರಡು ಸರದಿ ಬೀಜ ಸಿಗದ ಕುರಿ ಸಾಯುತ್ತದೆ. ಆಡಿದರು. ಕುರಿ ಹೆಚ್ಚಿದವು, ಬೀಜ ತೀರಿತು, ಕುರಿ ಸತ್ತವು. ಪಟ ಮತ್ತೆ ಖಾಲಿ. ಈ ಸಲ ಅವಳು ಬಹಳ ಹೊತ್ತು ಆ ಖಾಲಿ ಪಟವನ್ನೇ ನೋಡುತ್ತ ಕೂತಿದ್ದಳು. ಒಂದು ತಿಂಗಳು ನಾನು ಕೊಟ್ಟ ಪಾಠ ಮಾಡದಿದ್ದ ಕೆಲಸವನ್ನು ಎರಡು ದಿನದಲ್ಲಿ ಎರಡು ಖಾಲಿ ಪಟ ಮಾಡಿದ್ದವು.

ಮೂರನೆಯ ಸಲ ಅವರು ಗೆಲುವಿನ ಅರ್ಥವನ್ನೇ ಬದಲಿಸಿದರು. ಇಪ್ಪತ್ತು ಸುತ್ತು ಆದ ಮೇಲೂ ಹುಲ್ಲು, ಕುರಿ, ತೋಳ ಮೂರೂ ಪಟದ ಮೇಲಿದ್ದರೆ ಎಲ್ಲರೂ ಗೆದ್ದಂತೆ. ಯಾವುದೊಂದು ಹೋದರೂ ಎಲ್ಲರೂ ಸೋತಂತೆ. "ಉಳಿದ್ರ ಗೆದ್ದಂಗ" ಎಂದು ಪಟದ ನೆತ್ತಿಗೆ ಬರೆದರು. ಮೂರು ತೋಳ ಇಟ್ಟು ನೋಡಿದರು, ನಿಲ್ಲಲಿಲ್ಲ. ಎರಡು ಇಟ್ಟರು, ಆಗಲೂ ಇಲ್ಲ. ಒಂದಕ್ಕೆ ಇಳಿಸಿದಾಗ ಆಟ ಉಸಿರಾಡತೊಡಗಿತು. ಅವರು ಬಾಯಿಪಾಠ ಮಾಡಿದ್ದ ಶೇಕಡಾ 10ರ ನಿಯಮ ಆಗ ಎದುರಿಗೆ ಬಂತು. ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಆಹಾರದ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ದಾಟುತ್ತದೆ. 1942ರಲ್ಲಿ ರೇಮಂಡ್ ಲಿಂಡ್‌ಮನ್ ತೋರಿಸಿದ ದಾರಿ ಅದು. ಹುಲ್ಲು ಬಹಳ, ಕುರಿ ಕೆಲವು, ತೋಳ ಒಂದು. ಗುಡ್ಡದಲ್ಲಿ ತೋಳ ಯಾಕೆ ಅಪರೂಪ ಎಂಬುದು ಈಗ ಅವರು ಬೀಜ ಎಣಿಸಿ ಹೇಳಬಲ್ಲ ಸಂಗತಿಯಾಗಿತ್ತು.

ಆ ಗುಂಪಿನಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗನಿದ್ದ. ಆಡಲು ಜಾಗ ಸಿಗದೆ, ಪ್ರತಿ ಸುತ್ತಿಗೂ ಬೀಜ ಎಷ್ಟು, ಕುರಿ ಎಷ್ಟು, ತೋಳ ಎಷ್ಟು ಎಂದು ಗಣಿತದ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಡುತ್ತಿದ್ದ. ಕೊನೆಗೆ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದ. ನೋಟ್‌ಬುಕ್ ಕೈಗೆ ತಗೊಂಡಾಗ ನನಗೆ ಮೈ ಜುಮ್ಮೆಂದಿತು. ಕುರಿಯ ಗೆರೆ ಏರಿದ ಸ್ವಲ್ಪ ಹೊತ್ತಿಗೆ ತೋಳದ ಗೆರೆ ಏರಿತ್ತು. ಕುರಿ ಇಳಿದ ಮೇಲೆ ತೋಳ ಇಳಿದಿತ್ತು. ಅಲೆಯ ಹಿಂದೆ ಅಲೆ. ಅಂಥ ಚಿತ್ರವನ್ನು ನಾನು ಕಾಲೇಜಿನ ಪುಸ್ತಕದಲ್ಲಿ ಮಾತ್ರ ನೋಡಿದ್ದೆ.

ಮಾರನೆಯ ದಿನ ಅವನನ್ನು ಮುಂದೆ ನಿಲ್ಲಿಸಿ ಇಟಲಿಯ ಕಥೆ ಹೇಳಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾಯಿತು. ಆಗ ಬಲೆಗೆ ಬಿದ್ದ ಮೀನಿನಲ್ಲಿ ಬೇಟೆಯಾಡುವ ಮೀನುಗಳ ಪಾಲು ಹೆಚ್ಚಾದದ್ದನ್ನು ಉಂಬೆರ್ಟೊ ಡಂಕೋನಾ ಎಂಬ ಜೀವಶಾಸ್ತ್ರಜ್ಞ ಮಾರುಕಟ್ಟೆಯ ಲೆಕ್ಕದಲ್ಲಿ ಕಂಡ. ಯಾಕೆ ಎಂದು ಗಣಿತಜ್ಞ ವಿಟೊ ವೋಲ್ಟೆರಾನನ್ನು ಕೇಳಿದ. ವೋಲ್ಟೆರಾ 1926ರಲ್ಲಿ ಬರೆದ ಸಮೀಕರಣದಿಂದ ಹೊರಟದ್ದು ಇದೇ ಅಲೆ. ಅಮೆರಿಕದಲ್ಲಿ ಆಲ್‌ಫ್ರೆಡ್ ಲೋಟ್ಕಾ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದ. "ನೀ ಬರೆದಿದ್ದೂ ಇದನ್ನ" ಎಂದೆ. ಆ ವರ್ಷ ಅವನು ತಲೆ ಎತ್ತಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ವಾರ ಕಳೆದ ಮೇಲಿನ ಶನಿವಾರ ಪಾಲಕರನ್ನು ಕರೆದೆವು. ವರಾಂಡದ ಉದ್ದಕ್ಕೂ ಪಟ ಹಾಸಿ ಮಕ್ಕಳು ಕೂತರು. ಅವ್ವಂದಿರು ಚೌಕಾಬಾರದ ಮುಂದೆ ಕೂತು ಎದ್ದೇಳಲೇ ಇಲ್ಲ. ತಾವು ಇಷ್ಟು ವರ್ಷ ಆಡಿದ ಮನೆಗಳಲ್ಲಿ ರಕ್ತ ಓಡುವುದನ್ನು ಮಗಳು ಬೆರಳಿಟ್ಟು ತೋರಿಸುತ್ತಿದ್ದಳು. ಕುರಿಗಾರರ ಹುಡುಗನ ಅಜ್ಜ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದಿದ್ದ. ತೋಳದ ಪಟದ ಮುಂದೆ ಮೊಣಕಾಲೂರಿ ಕೂತು ಮೊಮ್ಮಗ ಹೇಳಿದ ನಿಯಮಗಳನ್ನೆಲ್ಲ ಕೇಳಿದ. ಒಂದು ಆಟ ಪೂರ್ತಿ ನೋಡಿದ. ಆಮೇಲೆ ಕೇಳಿದ:

"ಎಲ್ಲಾ ಛಲೋ ಐತಿ. ಮೊಲ ಎಲ್ಲಿ?"

ಮಕ್ಕಳು ನನ್ನ ಮುಖ ನೋಡಿದರು, ನಾನು ಅಜ್ಜನ ಮುಖ ನೋಡಿದೆ.

"ಮೊಲ, ಇಲಿ, ಚಿಗರಿ ಇದ್ದಾಗ ತ್ವಾಳ ಹಟ್ಟಿ ಕಡೆ ಬರೂದು ಕಡಿಮಿ. ಅಡವ್ಯಾಗ ಏನೂ ಸಿಗದಾಗ ಬರ್ತೈತಿ. ವರ್ಷಕ್ಕ ಒಂದೆರಡು ಮರಿ ಒಯ್ದ್ರ ತ್ವಾಳದ ಪಾಲು ಅಂತ ನಮ್ಮ ಹಿರ್‍ಯಾರು ಬಿಡ್ತಿದ್ರು. ಈಗ ಗುಡ್ಡ ಒಡೀತಾರ, ಅಡವಿ ಹೊಲ ಆಗೈತಿ, ಮೊಲ ಇಲ್ಲ. ಅದು ಎಲ್ಲಿಗೆ ಹೋಗಬೇಕು?"

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ ಮೊದಲನೆಯ ಅನುಸೂಚಿಯಲ್ಲಿ ತೋಳದ ಹೆಸರಿದೆ. ಅದನ್ನು ನಾನು ತರಗತಿಯಲ್ಲಿ ಹೇಳಿದ್ದೆ. ಆದರೆ ತೋಳ ಹೆಚ್ಚಾಗಿ ಬದುಕುವುದು ದೊಡ್ಡ ಕಾಡಿನಲ್ಲಲ್ಲ, ನಮ್ಮ ಹೊಲದ ಬದುವಿನಾಚೆಯ ಕುರುಚಲಿನಲ್ಲಿ, ನಾವು ಬೀಳು ಎಂದು ಕರೆದು ಕಡೆಗಣಿಸುವ ನೆಲದಲ್ಲಿ. ಅದನ್ನು ಹೇಳಲು ಆ ಅಜ್ಜನೇ ಬರಬೇಕಾಯಿತು. ಸೋಮವಾರ ಪಟದ ಮೇಲೆ ಬಿಳಿ ಗುಂಡಿಗಳು ಬಂದವು. ಅಂಗಿಯಿಂದ ಕಿತ್ತ ಆ ಗುಂಡಿಗಳೇ ಮೊಲ. ಮೊಲ ಸೇರಿದ ಮೇಲೆ ತೋಳಕ್ಕೆ ಎರಡು ಮರಿ ಹಾಕಲು ಅವಕಾಶ ಕೊಟ್ಟರು, ಆಟ ಇಪ್ಪತ್ತು ಸುತ್ತು ದಾಟಿತು.

ಆ ಮಕ್ಕಳು ಪಾಸಾಗಿ ಹೋದರು. ಪಟ ನನ್ನ ಬಳಿ ಇದೆ. ಒಂದು ತೋಳದ ಕಿವಿ ಮುರಿದಿದೆ, ಬೀಜಕ್ಕೆ ಹುಳ ಹಿಡಿದು ಎರಡು ಸಲ ಬದಲಿಸಿದ್ದೇನೆ. ಈಚೆಗೆ ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡು ತೋಳಧಾಮವಾಯಿತು. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದುತ್ತ ಕೂತಿದ್ದಾಗಲೇ ಫೋನ್ ಬಂತು. ದನಿ ಗಡುಸಾಗಿತ್ತು, ಆದರೆ ಗುರುತು ಹತ್ತಿತು.

"ಸರ್, ಪೇಪರ್ ನೋಡಿದ್ರಿ? ಎಂಟು ಮರಿ ಅಂತ್ರಿ! ನಾವು ಆಟದಾಗ ಎರಡ ಕೊಟ್ಟಿದ್ವಿ."

"ನೋಡಿದೆಪಾ. ಖುಷಿ ಆತಿಲ್ಲೊ?"

"ಖುಷಿ ಆತ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಕುರಿಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಅಂದ: "ಅಷ್ಟಕ್ಕೂ ಸಾಲುವಷ್ಟು ಮೊಲ ಅದಾವೇನ್ರಿ ಸರ್ ಅಲ್ಲಿ?"